ಆರು ವರ್ಷ ಕಣ್ಣು ಮುಚ್ಚದ ಯಂತ್ರ

ಆಸ್ಪತ್ರೆಗೆ ಬರುವವರೆಲ್ಲ ಏನಾದರೊಂದಕ್ಕೆ ಹೆದರಿಕೊಂಡೇ ಬರುತ್ತಾರೆ. ಸೂಜಿಗೆ ಹೆದರುವವರು, ಕತ್ತರಿಗೆ ಹೆದರುವವರು, ಡಾಕ್ಟರು ಬಾಯಿ ಬಿಡುವ ಮೊದಲು ಕನ್ನಡಕ ತೆಗೆದು ಒರೆಸಿದರೆ ಅದಕ್ಕೇ ಹೆದರುವವರು. ರೆಕಾರ್ಡಮ್ಮ ಇಪ್ಪತ್ತೇಳು ವರ್ಷ ಅದೇ ಆಸ್ಪತ್ರೆಯಲ್ಲಿ ದುಡಿದು ಇವು ಯಾವುದಕ್ಕೂ ಹೆದರದವಳು. ಅವಳು ಹೆದರುತ್ತಿದ್ದುದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಒಂದು ಕಪ್ಪು ಪೆಟ್ಟಿಗೆಗೆ. ಅದನ್ನು ಕಾಯುವುದೇ ಅವಳ ಕೆಲಸ. ಕಾಯುವವಳೇ ಹೆದರಿದರೆ ಹೇಗೆ ಎಂದು ನೀವು ಕೇಳಬಹುದು. ಕೇಳಿ, ಆದರೆ ಕಥೆ ಪೂರ್ತಿಯಾದ ಮೇಲೆ ಕೇಳಿ.

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು. ಅದನ್ನು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಇಪ್ಪತ್ತೈದನೇ ವಯಸ್ಸಿಗೆ ರೆಕಾರ್ಡ್ ರೂಮಿನ ಗುಮಾಸ್ತೆಯಾಗಿ ಸೇರಿದಳು, ಅಂದಿನಿಂದ ರೆಕಾರ್ಡಮ್ಮ. ಆಗ ರೋಗಿಗಳ ಕಾಗದಗಳೆಲ್ಲ ದಾರ ಬಿಗಿದ ಕಟ್ಟುಗಳಲ್ಲಿ ಸೂರಿನವರೆಗೆ ಪೇರಿಸಿರುತ್ತಿದ್ದವು. ಹತ್ತು ವರ್ಷದ ಹಿಂದೆ ಕಾಲು ಮುರಿದುಕೊಂಡವನ ಕಟ್ಟು ಕೇಳಿದರೂ ಚಹಾ ಆರುವುದರೊಳಗೆ ಏಣಿ ಹತ್ತಿ ತೆಗೆದುಕೊಡುತ್ತಿದ್ದಳು. ಆಮೇಲೆ ಕಂಪ್ಯೂಟರು ಬಂತು, ಕಟ್ಟುಗಳು ಹೋದವು, ಜೊತೆಯ ಗುಮಾಸ್ತರು ದಿಕ್ಕಿಗೊಬ್ಬರಾದರು. ಇವಳು ಮಾತ್ರ ಕಾಗದಗಳ ಬೆನ್ನು ಬಿಡಲಿಲ್ಲ. ಅವು ಎಲ್ಲಿಗೆ ಹೋದವೋ ಅಲ್ಲಿಗೇ ತಾನೂ ಇಳಿದಳು.

ನೆಲಮಾಳಿಗೆಯಲ್ಲಿ ಆಗ ಯಂತ್ರ ನೋಡಿಕೊಳ್ಳುತ್ತಿದ್ದವರು ಒಬ್ಬ ಮೇಷ್ಟ್ರು. ಮೊದಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದು, ಬೇಸತ್ತು ಈ ಕಡೆ ಬಂದವರು. “ಇದನ್ನ ಡೇಟಾಬೇಸ್ ಸರ್ವರ್ ಅಂತಾರಮ್ಮ. ಹೆಸರು ದೊಡ್ಡದು, ಕೆಲಸ ನಿಂದೇ. ಯಾರಾದ್ರೂ ಕೇಳಿದ್ರೆ ಕಟ್ಟು ಬಿಚ್ಚಿ ತೋರ್ಸೋದು, ಹೊಸ ಕಾಗದ ಬಂದ್ರೆ ಸೇರಿಸಿ ಕಟ್ಟೋದು” ಎಂದು ಅವರು ಪಾಠ ಶುರುಮಾಡಿದರು. ನಲವತ್ತರ ಅಂಚಿನಲ್ಲಿ ರೆಕಾರ್ಡಮ್ಮ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಒಂದೊಂದೇ ಆಜ್ಞೆ ಬರೆದುಕೊಂಡು, ಮನೆಯಲ್ಲಿ ಪಾತ್ರೆ ತೊಳೆಯುತ್ತ ಬಾಯಿಪಾಠ ಮಾಡಿ ಕಲಿತಳು. ಏಳು ಮಹಡಿಯ ಆಸ್ಪತ್ರೆ. ಯಾವ ಮಂಚದಲ್ಲಿ ಯಾರು, ಅವರಿಗೆ ಯಾವ ಔಷಧಿ, ಎಷ್ಟು ಗಂಟೆಗೆ, ಕೊಟ್ಟಾಯಿತೋ ಇಲ್ಲವೋ, ಎಲ್ಲ ಆ ಪೆಟ್ಟಿಗೆಯ ಹೊಟ್ಟೆಯಲ್ಲಿ. ಮಹಡಿ ಮಹಡಿಯ ಕಂಪ್ಯೂಟರ್ ಪರದೆಗಳೂ ದಿನವಿಡೀ ಅದನ್ನೇ ಕೇಳುತ್ತಿದ್ದವು.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಆ ಯಂತ್ರ ತಾನಾಗಿ ನಿಂತಿತು. ಮೇಷ್ಟ್ರು ಎಬ್ಬಿಸಿದರು, ಏಳಲಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷ ಏಳಲಿಲ್ಲ. ಎದ್ದ ಮೇಲೆ ಏಳು ಮಹಡಿಯವರೂ ಒಟ್ಟಿಗೇ ಮುಗಿಬಿದ್ದು ಮತ್ತೆ ತೊಡಕಾಯಿತು. ಮೇಷ್ಟ್ರು ಹೇಳುತ್ತ ಹೋದರು, ಇವಳು ಟೈಪ್ ಮಾಡುತ್ತ ಹೋದಳು, ಹೇಗೋ ದಾರಿಗೆ ಬಂತು. ಅಷ್ಟರಲ್ಲಿ ಫೋನು. ಸೊಂಟದ ಮೂಳೆ ಮುರಿದು ಮಲಗಿದ್ದ ಒಬ್ಬ ಮುದುಕನಿಗೆ, ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಇಂಜೆಕ್ಷನ್ ಎರಡು ಸಲ ಬಿದ್ದಿತ್ತು. ಮೊದಲಿನ ಸಿಸ್ಟರ್ ಕೊಟ್ಟದ್ದು ಯಂತ್ರದಲ್ಲಿ ಇರಲಿಲ್ಲ, ಎರಡನೆಯವಳು ಯಂತ್ರವನ್ನು ನಂಬಿದಳು. ಮೊದಲೇ ಸೊರಗಿದ ದೇಹ, ತಲೆಯೊಳಗೆ ರಕ್ತ ಸೋರಿತು. ಮುದುಕನ ಜೀವ ಉಳಿಯಿತು, ಮಾತು ಹೋಯಿತು. ವಾರ ಕಳೆದು ಅವನ ಹೆಂಡತಿ ನೆಲಮಾಳಿಗೆಗೆ ಇಳಿದು ಬಂದು ಬಾಗಿಲಲ್ಲಿ ನಿಂತು, “ಆ ಮಿಷನ್ ಯಾವ್ದು ಅಂತ ಒಂದ್ಸಲ ನೋಡ್ಬೇಕಿತ್ತು” ಎಂದಳು. ಬೈಯಲಿಲ್ಲ, ಅಳಲಿಲ್ಲ, ನೋಡಿಕೊಂಡು ಹೋದಳು. ಬೈದಿದ್ದರೆ ರೆಕಾರ್ಡಮ್ಮ ಎಂದೋ ಮರೆತಿರುತ್ತಿದ್ದಳು.

ಮುಂದಿನ ತಿಂಗಳೇ ಮೇಷ್ಟ್ರು ಕೆಲಸ ಬಿಟ್ಟರು, ಯಂತ್ರ ಇವಳೊಬ್ಬಳ ಪಾಲಿಗೆ ಬಂತು. ಇನ್ನು ತನ್ನ ಕೈಯಾರೆ ಇದನ್ನು ನಿಲ್ಲಿಸುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಬೆಳಿಗ್ಗೆ ಬಂದವಳೇ ಒಂದು ಆಜ್ಞೆ ಒತ್ತುತ್ತಾಳೆ, ತಾನು ಎಷ್ಟು ದಿನದಿಂದ ಎದ್ದಿದ್ದೇನೆ ಎಂದು ಯಂತ್ರ ಹೇಳುತ್ತದೆ. ಸಾವಿರ ದಾಟಿದ ದಿನ ಅವಳಿಗೆ ಖುಷಿಯಾಗಿತ್ತು. ಎರಡು ಸಾವಿರ ದಾಟಿದ ದಿನ ಭಯವಾಯಿತು. ಅಷ್ಟು ದಿನ ಕಣ್ಣು ಮುಚ್ಚದೆ ಇರುವುದು ಒಮ್ಮೆ ಮಲಗಿದರೆ ಮತ್ತೆ ಏಳುತ್ತದೆಯೇ?

ಈಗ ತೇಪೆಯ ವಿಷಯ. ಸಾಫ್ಟ್‌ವೇರ್ ಕೂಡ ಮನುಷ್ಯರು ಹೊಲಿದದ್ದೇ, ಎಲ್ಲೋ ಒಂದು ಹೊಲಿಗೆ ಬಿಟ್ಟಿರುತ್ತದೆ. ಆ ತೂತಿನಿಂದ ಕಳ್ಳರು ಕೈ ಹಾಕುವ ಮೊದಲು ಮಾಡಿದವರೇ ಒಂದು ತೇಪೆ ಕಳಿಸುತ್ತಾರೆ, ಅದಕ್ಕೆ ಪ್ಯಾಚ್ ಎನ್ನುತ್ತಾರೆ. ಪ್ಯಾಚ್ ಹಾಕುವುದು ಹತ್ತು ನಿಮಿಷದ ಕೆಲಸ. ಆದರೆ ಹಾಕಬೇಕಾದರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ರೆಕಾರ್ಡಮ್ಮನ ಪ್ರಾಣ ಹೋಗುತ್ತಿದ್ದುದು ಅಲ್ಲಿಯೇ.

ಅದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಪಕ್ಕದಲ್ಲೇ ಒಂದು ನಕಲು ಯಂತ್ರವಿತ್ತು. ಅಸಲು ಯಂತ್ರ ಕೆಟ್ಟರೆ ಇರಲಿ ಎಂದು ಇಟ್ಟದ್ದು, ಅವಳನ್ನು ಬಿಟ್ಟು ಯಾರೂ ಮುಟ್ಟದ್ದು. ಪ್ರತಿ ಪ್ಯಾಚನ್ನೂ ನಕಲಿಗೆ ಹಾಕುತ್ತಿದ್ದಳು. ಭದ್ರತೆಯ ರಿಜಿಸ್ಟರಿನಲ್ಲಿ ‘ಪ್ಯಾಚ್ ಹಾಕಲಾಗಿದೆಯೇ’ ಎಂಬ ಅಂಕಣದ ಎದುರು ‘ಹಾಕಲಾಗಿದೆ’ ಎಂದು ಬರೆದು ಸಹಿ ಮಾಡುತ್ತಿದ್ದಳು. ಯಾವುದಕ್ಕೆ ಎಂದು ಆ ಅಂಕಣ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೀಗೆ ಇಪ್ಪತ್ತಮೂರು ಸಲ.

ಇಪ್ಪತ್ತನಾಲ್ಕನೆಯದು ಒಂದು ಸೋಮವಾರ ಬಂತು. ಕಂಪ್ಯೂಟರ್ ವಿಭಾಗದ ಸಾಹೇಬರು ಬೆಳಿಗ್ಗೆಯೇ ನೆಲಮಾಳಿಗೆಗೆ ಇಳಿದರು. ಯಾರು ಏನು ಕೇಳಿದರೂ ‘ಆಗ್ಲಿ, ನೋಡೋಣ’ ಎನ್ನುವ ಮನುಷ್ಯ, ಮೆಟ್ಟಿಲು ಇಳಿಯುವುದೇ ಅಪರೂಪ.

“ಓದಿದ್ರಾ ರೆಕಾರ್ಡಮ್ಮ? ಈ ಸಲದ ತೂತು ಬಾಗಿಲಷ್ಟು ದೊಡ್ಡದಂತೆ. ಪಾಸ್‌ವರ್ಡೇ ಬೇಡ, ಸೀದಾ ಒಳಗೆ. ಪಕ್ಕದ ಊರಿನ ಆಸ್ಪತ್ರೇಲಿ ಎಲ್ಲಾ ರೆಕಾರ್ಡಿಗೂ ಬೀಗ ಹಾಕಿ ಕೂತಿದ್ದಾರಂತೆ ಕಳ್ಳರು. ಆಪರೇಷನ್ನೇ ನಿಲ್ಸಿದ್ದಾರೆ ಅಲ್ಲಿ.”

“ಓದಿದೆ ಸರ್.”

“ನಮ್ದೇನೂ ತೊಂದ್ರೆ ಇಲ್ಲ ಬಿಡಿ. ನೀವು ತಪ್ಪದೆ ಹಾಕ್ತೀರಲ್ಲ. ನಕಲಿಗೂ ಅಸಲಿಗೂ ಎರಡಕ್ಕೂ ಹಾಕ್ತೀರಿ ತಾನೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೆಕಾರ್ಡಮ್ಮನ ಕೈ ತಾನಾಗಿ ರಿಜಿಸ್ಟರಿನ ಮೇಲೆ ಹೋಯಿತು.

“ಹೂಂ ಸರ್” ಎಂದಳು.

ಇಪ್ಪತ್ತೇಳು ವರ್ಷದಲ್ಲಿ ಅವಳು ಬಾಯಿ ಬಿಟ್ಟು ಹೇಳಿದ ಮೊದಲ ಸುಳ್ಳು ಅದು. ಸಾಹೇಬರು ಮೆಟ್ಟಿಲು ಹತ್ತಿ ಹೋದ ಮೇಲೆ ಯಂತ್ರದ ದಿನಚರಿ ತೆರೆದಳು. ಯಾರು ಯಾವಾಗ ಬಂದು ಬಾಗಿಲು ತಟ್ಟಿದರು ಎಂದು ಯಂತ್ರ ತಾನೇ ಬರೆದಿಡುವ ದಿನಚರಿ. ಆ ಬೆಳಿಗ್ಗೆ ಐದೂ ನಲವತ್ತಕ್ಕೆ ಹೊರರೋಗಿ ವಿಭಾಗದ ಒಂದು ಕಂಪ್ಯೂಟರಿನಿಂದ ಯಾರೋ ಹನ್ನೊಂದು ಸಲ ತಟ್ಟಿದ್ದರು. ಹೊರರೋಗಿ ವಿಭಾಗದ ಬೀಗ ತೆಗೆಯುವುದು ಎಂಟಕ್ಕೆ.

ಕಳ್ಳ ಎಲ್ಲೋ ದೂರದಲ್ಲಿ ಇರುವವನಲ್ಲ, ಆಗಲೇ ಕಾಂಪೌಂಡು ಹಾರಿ ಒಳಗೆ ಬಂದು ಬಾಗಿಲು ಬಾಗಿಲು ನೂಕಿ ನೋಡುತ್ತಿದ್ದಾನೆ. ತೂತು ಇನ್ನೂ ಅವನ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಓಡಿಹೋಗಿ ಆ ಕಂಪ್ಯೂಟರಿನ ತಂತಿಯನ್ನೇ ಕಿತ್ತುಬಂದಳು. ಕಿತ್ತದ್ದು ಒಂದು. ಇನ್ನೂ ಇನ್ನೂರು ಚಿಲ್ಲರೆ ಇದ್ದವು.

ಊಟದ ಹೊತ್ತಿಗೆ ಐದನೇ ಮಹಡಿಗೆ ಹೋದಳು. ಅಲ್ಲಿ ಹದಿನಾಲ್ಕನೇ ಮಂಚದಲ್ಲಿ ಅವಳ ಅತ್ತೆ ಇದ್ದರು. ಸ್ನಾನದ ಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ ಆರು ದಿನ. ಮುರಿದದ್ದು ಮೂಳೆ ಮಾತ್ರ, ನಾಲಿಗೆ ಗಟ್ಟಿಯಾಗಿಯೇ ಇತ್ತು. ಅವರಿಗೂ ದಿನಾ ಎರಡು ಗಂಟೆಗೆ ಹೊಟ್ಟೆಯ ಚರ್ಮಕ್ಕೆ ಅದೇ ಇಂಜೆಕ್ಷನ್. ಪಕ್ಕದ ಹದಿನೈದನೇ ಮಂಚದ ಹೆಂಗಸಿಗೂ ಅದೇ. ಆ ಹೆಂಗಸಿಗೆ ಲಕ್ವ ಹೊಡೆದು ಮಾತು ನಿಂತಿತ್ತು, ಬಂದವರನ್ನು ಕಣ್ಣಿನಲ್ಲೇ ನೋಡುತ್ತಿದ್ದಳು.

“ಏನೇ ಮುಖ ಹಿಂಗಾಗಿದೆ? ಸತ್ತಿರೋದು ನಾನಾ ನೀನಾ?” ಎಂದರು ಅತ್ತೆ.

“ಏನಿಲ್ಲ ಅತ್ತೆ.”

“ಏನಿಲ್ಲ ಅನ್ನೋರ ಹತ್ರಾನೇ ಎಲ್ಲಾ ಇರೋದು. ಇರ್ಲಿ. ನಿನ್ನೆ ಒಂದು ಆಟ ಆಡ್ದೆ ಕಣೇ. ಸಿಸ್ಟರ್ ಸೂಜಿ ಹಿಡ್ಕೊಂಡು ಬಂದ್ಲು, ಆಗ್ಲೇ ಕೊಟ್ರಲ್ಲಮ್ಮ ಅಂದೆ. ಹೋಗಿ ಕಂಪ್ಯೂಟರ್ ನೋಡ್ಕೊಂಡು ಬಂದು ಚುಚ್ಚೇ ಬಿಟ್ಲು. ನಿನ್ನ ಯಂತ್ರಕ್ಕೆ ನನ್ ಮೇಲೆ ಏನು ಹಗೆ?”

ಬೇರೆ ದಿನವಾದರೆ ನಗುತ್ತಿದ್ದಳು. ಅತ್ತೆಯನ್ನು ನೋಡಿದರೆ ಆ ಮುದುಕ, ಆ ಮುದುಕನನ್ನು ನೆನೆದರೆ ಬಾಗಿಲಲ್ಲಿ ನಿಂತ ಅವನ ಹೆಂಡತಿ. ಅತ್ತ ದರಿ, ಇತ್ತ ಪುಲಿ. ಯಂತ್ರ ನಿಲ್ಲಿಸಿ ಅದು ಏಳದಿದ್ದರೆ ಏಳು ಮಹಡಿಯ ಗತಿ ಏನು? ನಿಲ್ಲಿಸದೆ ಕಳ್ಳರು ನುಗ್ಗಿದರೂ ಅದೇ ಗತಿ.

ಸಂಜೆ ಮನೆಯಲ್ಲಿ ಗಂಡನ ಹತ್ತಿರ ಬಾಯಿಬಿಟ್ಟಳು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೇಳುತ್ತ ಕೈಗೆ ಅಂಟಿದ ಗ್ರೀಸು ಒರೆಸಿಕೊಂಡ.

“ಆರು ವರ್ಷ ಆಫೇ ಮಾಡಿಲ್ವಾ?”

“ಇಲ್ಲರೀ.”

“ಆಫ್ ಮಾಡೋಕೆ ಹೆದರ್ಕೋಬೇಕಾದ ಗಾಡೀನ ನಾನು ರೋಡಿಗೇ ಬಿಡಲ್ಲ ಕಣೇ. ಅದು ಓಡ್ತಿದೆ ಅಂತ ನೀನು ಅಂದ್ಕೊಂಡಿದ್ದೀಯ. ಅದು ಓಡ್ತಿಲ್ಲ, ಇಳಿಜಾರಲ್ಲಿ ಜಾರ್ತಿದೆ.”

ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಆದರೂ ಮಾತು ನಾಟಿತು.

ಮಂಗಳವಾರ ಬೆಳಿಗ್ಗೆ ದಿನಚರಿಯಲ್ಲಿ ಇನ್ನೊಂದು ಕಂಪ್ಯೂಟರಿನಿಂದ ನಲವತ್ತು ಸಲ ತಟ್ಟಿದ ಗುರುತಿತ್ತು. ಸಾಹೇಬರ ಕೋಣೆಗೆ ಹೋಗಿ, “ಮಧ್ಯಾಹ್ನ ಎರಡಕ್ಕೆ ಅರ್ಧ ಗಂಟೆ ಯಂತ್ರ ನಿಲ್ಸಬೇಕು ಸರ್, ಸ್ವಲ್ಪ ಸರ್ವಿಸ್ ಇದೆ” ಎಂದಳು. ಪ್ಯಾಚ್ ಎನ್ನಲಿಲ್ಲ. ಎಂದರೆ, ಹಾಕಿದ್ದೀನಿ ಅಂದ್ರಲ್ಲ ಎಂದು ಕೇಳುತ್ತಾರೆ. ಸಾಹೇಬರು ತಲೆ ಎತ್ತದೆ, “ಆಗ್ಲಿ, ನೋಡೋಣ” ಎಂದರು. ಅವರ ಬಾಯಲ್ಲಿ ಅದು ಒಪ್ಪಿಗೆ.

ಎರಡು ಗಂಟೆ ಆಸ್ಪತ್ರೆಗೆ ಜೊಂಪು ಹತ್ತುವ ಹೊತ್ತು. ಹೊರರೋಗಿಗಳು ಇರುವುದಿಲ್ಲ, ಒಳಗಿನವರು ಉಂಡು ಮಲಗಿರುತ್ತಾರೆ. ಅಷ್ಟರಲ್ಲಿ ಕೊಟ್ಟ ಔಷಧಿಯನ್ನು ಸಿಸ್ಟರುಗಳು ಹಳದಿ ಚೀಟಿಯಲ್ಲಿ ಬರೆದಿಟ್ಟು ಯಂತ್ರ ಎದ್ದ ಮೇಲೆ ಅದಕ್ಕೆ ಸೇರಿಸಬೇಕು ಎಂದು ಎಲ್ಲ ಮಹಡಿಗೂ ತಿಳಿಸಿದ್ದಾಯಿತು. ರೆಕಾರ್ಡಮ್ಮ ಕೋಣೆಯ ಬಾಗಿಲು ಮುಚ್ಚಿ, ನೋಟ್‌ಬುಕ್ ಬಿಡಿಸಿ, ನಿಲ್ಲಿಸುವ ಆಜ್ಞೆಯನ್ನು ಒಂದೊಂದೇ ಅಕ್ಷರ ಟೈಪ್ ಮಾಡಿದಳು. ಬೆರಳು ಕೀಲಿಯ ಮೇಲೆ ನಿಂತಿತು. ಒತ್ತಿದಳು.

ಎರಡು ಸಾವಿರದ ಇನ್ನೂರ ಏಳು ದಿನ ಎದ್ದಿದ್ದದ್ದು ನಾಲ್ಕು ನಿಮಿಷ ಗೊಣಗಿ ಸುಮ್ಮನಾಯಿತು. ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರ ಮಾತ್ರ ಗಡಗಡ ಎನ್ನುತ್ತಿತ್ತು. ಹಿಂದಿನ ಇಪ್ಪತ್ತಮೂರನ್ನೂ ಒಳಗೊಂಡ ಪ್ಯಾಚ್ ಹಾಕಿದಳು. ಎಬ್ಬಿಸುವ ಆಜ್ಞೆ ಕೊಟ್ಟಳು. ಪರದೆಯಲ್ಲಿ ಏನೂ ಬರಲಿಲ್ಲ. ಒಂದರಿಂದ ಎಣಿಸತೊಡಗಿದಳು. ಅರವತ್ತಾಯಿತು, ಎಂಬತ್ತಾಯಿತು. ಎಂಬತ್ತೇಳಕ್ಕೆ ಪರದೆಯ ಮೇಲೆ ಒಂದು ಸಾಲು ಮೂಡಿತು, ಸಿದ್ಧ ಎಂದು.

ಅವಳು ಕುರ್ಚಿಯಲ್ಲೇ ಕುಸಿದು ಅತ್ತಳು. ಎರಡೂ ಇಪ್ಪತ್ತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಆ ಆಯಸ್ಸು ಮೈಯಲ್ಲಿ ಹರಿದ ಹಾಗಾಯಿತು. ಇನ್ನು ಆ ಇಪ್ಪತ್ತಮೂರು ಸಹಿಗಳ ವಿಷಯ ಯಾರಿಗೂ ತಿಳಿಯಬೇಕಿಲ್ಲ. ಯಂತ್ರ ಎದ್ದಿದೆ ಎಂದು ಮಹಡಿಗಳಿಗೆ ತಿಳಿಸಿ, ಮುಖ ತೊಳೆದು, ಚಹಾ ಕುಡಿದು, ನಿಧಾನವಾಗಿ ಅತ್ತೆಯನ್ನು ನೋಡಲು ಹೊರಟಳು.

ಐದನೇ ಮಹಡಿ ತಲುಪಿದಾಗ ಮೂರಕ್ಕೆ ಐದು ನಿಮಿಷ. ಎರಡೂವರೆಗೆ ಪಾಳಿ ಬದಲಾಗಿ ಹೊಸ ಸಿಸ್ಟರ್ ಬಂದಿದ್ದಳು. ಮೇಜಿನ ಮೇಲಿನ ಪರದೆ ನೋಡುತ್ತ ತುಟಿ ಕಚ್ಚುತ್ತಿದ್ದಳು.

“ಏನು ಸಿಸ್ಟರ್?”

“ನಿಮ್ಮ ಯಂತ್ರ ನನ್ನ ಒಳಗೇ ಬಿಡ್ತಿಲ್ಲ ಅಕ್ಕ. ಜಾಗ ಇಲ್ಲ ಜಾಗ ಇಲ್ಲ ಅಂತಿದೆ. ಹಾಂ, ಬಿಡಿ, ಈಗ ಬಂತು.” ಪರದೆಯ ಮೇಲೆ ಬೆರಳಾಡಿಸಿದಳು. “ಅಯ್ಯೋ, ಹದಿನಾಲ್ಕು ಹದಿನೈದು ಎರಡಕ್ಕೂ ಎರಡು ಗಂಟೆ ಇಂಜೆಕ್ಷನ್ ಆಗಿಲ್ಲ. ಒಂದು ಗಂಟೆ ತಡ ಆಯ್ತು.” ತಟ್ಟೆಯಲ್ಲಿ ಎರಡು ಸಿರಿಂಜು ಸಿದ್ಧಮಾಡಿಕೊಂಡು ನಡೆದಳು. ರೆಕಾರ್ಡಮ್ಮ ಅವಳ ಹಿಂದೆಯೇ ಹೋದಳು. ಜಾಗ ಇಲ್ಲ ಎಂಬ ಮಾತು ತಲೆಯೊಳಗೆ ಎಲ್ಲೋ ಸಿಕ್ಕಿಕೊಂಡಿತ್ತು.

“ಆಗ್ಲೇ ಕೊಟ್ರಲ್ಲಮ್ಮ” ಎಂದರು ಅತ್ತೆ.

“ಅಜ್ಜಿ, ಮೊನ್ನೆನೂ ನೀವು ಇದೇ ಹೇಳಿದ್ರಂತೆ. ನಿಮ್ಮ ಖ್ಯಾತಿ ಎಲ್ಲಾ ಪಾಳಿಗೂ ಗೊತ್ತು. ಕಂಪ್ಯೂಟರಲ್ಲಿ ಕೊಟ್ಟಿಲ್ಲ ಅಂತಿದೆ.”

“ಮೊನ್ನೆ ಹೇಳಿದ್ದು ಸುಳ್ಳು. ಇವತ್ತು ಹೇಳ್ತಿರೋದು ನಿಜ. ಇವಳಿಗೂ ಕೊಟ್ರು” ಎಂದು ಪಕ್ಕದ ಮಂಚ ತೋರಿಸಿದರು.

ಸಿಸ್ಟರ್ ನಗುತ್ತಲೇ ಹದಿನೈದನೇ ಮಂಚದ ಕಡೆಗೆ ತಿರುಗಿದಳು. ವಾದ ಮಾಡದವರಿಗೆ ಮೊದಲು ಚುಚ್ಚಿದರಾಯಿತು ಎಂದುಕೊಂಡಿರಬೇಕು. ಮಾತಿಲ್ಲದ ಆ ಹೆಂಗಸು ರೆಕಾರ್ಡಮ್ಮನನ್ನೇ ನೋಡುತ್ತಿದ್ದಳು. ಕಣ್ಣು ದೊಡ್ಡದಾಗಿತ್ತು.

ರೆಕಾರ್ಡಮ್ಮ ಹೊದಿಕೆ ಸರಿಸಿದಳು. ಹೊಟ್ಟೆಯ ಮೇಲೆ ಹತ್ತಿಯ ಒಂದು ಉಂಡೆ, ಅದರ ಮೇಲೆ ಪಟ್ಟಿ. ಹತ್ತಿಯ ನಡುವೆ ಇನ್ನೂ ಹಸಿಯಾಗಿದ್ದ ಒಂದು ಕೆಂಪು ಚುಕ್ಕೆ.

“ಕೊಡ್ಬೇಡಿ” ಎಂದಳು. ಸಿಸ್ಟರಿನ ಮಣಿಕಟ್ಟನ್ನೇ ಹಿಡಿದುಕೊಂಡಳು. “ಕೊಡ್ಬೇಡಿ ಸಿಸ್ಟರ್. ಯಂತ್ರ ಹೇಳ್ತಿರೋದು ನಿಜ ಅಲ್ಲ.”

ಮೊದಲಿನ ಪಾಳಿಯವಳು ಎರಡೂ ಹತ್ತಕ್ಕೆ ಇಬ್ಬರಿಗೂ ಕೊಟ್ಟು ಹಳದಿ ಚೀಟಿಯಲ್ಲಿ ಬರೆದಿದ್ದಳು. ಯಂತ್ರ ಎದ್ದ ಮೇಲೆ ಮೂರು ಸಲ ಒಳಗೆ ಹೋಗಲು ನೋಡಿ, ಜಾಗ ಇಲ್ಲ ಎನಿಸಿಕೊಂಡು, ಆಮೇಲೆ ಹಾಕೋಣ ಎಂದು ಚೀಟಿಯನ್ನು ಕೋಟಿನ ಜೇಬಿಗಿಟ್ಟು ಮರೆತು, ಹೊಸ ಪಾಳಿಯವಳಿಗೂ ಹೇಳದೆ ಮನೆಗೆ ಹೋಗಿದ್ದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ನೇತುಹಾಕಿದ ಕೋಟಿನಲ್ಲಿ ಆ ಚೀಟಿ ಸಿಕ್ಕಿತು.

ಆ ಚೀಟಿಯನ್ನು ರೆಕಾರ್ಡಮ್ಮ ಎರಡು ಸಲ ಓದಿದಳು. ಇಲ್ಲಿ ಅತ್ತೆ ಇದ್ದರು, ಬಾಯಿ ಇತ್ತು. ಉಳಿದ ಮಹಡಿಗಳಲ್ಲಿ? ಯಾವ ಯಾವ ಕೋಟಿನ ಜೇಬಿನಲ್ಲಿ ಎಷ್ಟು ಚೀಟಿಗಳು? ಇದೇ ಗಳಿಗೆಯಲ್ಲಿ ಎಲ್ಲಿ ಯಾರು ಸಿರಿಂಜು ತುಂಬುತ್ತಿದ್ದಾರೆ?

ಸಿಸ್ಟರಿನ ಮೇಜಿನ ಹಿಂದೆ ಗೋಡೆಗೆ ಕೆಂಪು ಫೋನೊಂದಿತ್ತು. ಅದರಲ್ಲಿ ಮಾತಾಡಿದರೆ ಏಳು ಮಹಡಿಗೂ ಕೇಳಿಸುತ್ತದೆ. ಯಾರದಾದರೂ ಎದೆ ಬಡಿತ ನಿಂತಾಗ ಡಾಕ್ಟರುಗಳನ್ನು ಕೂಗಲು ಇಟ್ಟದ್ದು, ಗುಮಾಸ್ತೆಯರು ಮುಟ್ಟುವಂಥದ್ದಲ್ಲ. ಮುಟ್ಟಿದರೆ ಎಲ್ಲ ಹೇಳಬೇಕಾಗುತ್ತದೆ. ಯಾಕೆ ನಿಲ್ಲಿಸಿದೆ, ಯಾಕೆ ಕಾರಣ ಮುಚ್ಚಿಟ್ಟು ನಿಲ್ಲಿಸಿದೆ, ಆರು ವರ್ಷ ಏನು ಬರೆದೆ. ಕೆಲಸ ಹೋಗಬಹುದು. ಮಾನ ಹೋಗುವುದಂತೂ ಖಂಡಿತ. ಅವಳು ಫೋನಿನ ಮುಂದೆ ನಿಂತದ್ದು ಎರಡು ಉಸಿರಿನಷ್ಟು ಹೊತ್ತು. ಆ ಎರಡು ಉಸಿರಿಗೆ ಅವಳು ಈಗಲೂ ನಾಚಿಕೊಳ್ಳುತ್ತಾಳೆ.

“ನಾನು ರೆಕಾರ್ಡಮ್ಮ, ನೆಲಮಾಳಿಗೆಯವಳು. ಎಲ್ಲಾ ಸಿಸ್ಟರುಗಳೂ ಕೇಳಿಸ್ಕೊಳ್ಳಿ. ಎರಡು ಗಂಟೆಯಿಂದ ಈಚೆಗಿನ ಯಾವ ಔಷಧಿನೂ ಪರದೆ ನಂಬಿ ಕೊಡ್ಬೇಡಿ. ಕೈಯಲ್ಲಿ ಸೂಜಿ ಇದ್ರೆ ಕೆಳಗಿಡಿ. ಹೋದ ಪಾಳಿಯವರ ಕೋಟಿನ ಜೇಬು ನೋಡಿ, ಹಳದಿ ಚೀಟಿ ಇರುತ್ತೆ. ಯಂತ್ರ ಸರಿಯಾಗಿ ಎದ್ದಿಲ್ಲ. ನಾನು ಎದ್ದಿದೆ ಅಂತ ಹೇಳ್ದೆ. ತಪ್ಪು ನಂದು.”

ಅವಳ ದನಿ ಏಳು ಮಹಡಿಯ ಓಣಿಗಳಲ್ಲೂ ಹರಿಯಿತು. ಮೂರನೇ ಮಹಡಿಯಲ್ಲಿ ಒಬ್ಬನ ಚರ್ಮಕ್ಕೆ ಸೂಜಿ ತಾಗಿತ್ತಂತೆ, ಸಿಸ್ಟರ್ ಹಾಗೆಯೇ ಹಿಂದೆ ತೆಗೆದಳಂತೆ. ಅದು ಗೊತ್ತಾದದ್ದು ಆಮೇಲೆ.

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡಿದಳು. ನೆಲಮಾಳಿಗೆಯ ಪರದೆಯಲ್ಲಿ ಎಷ್ಟು ಜನ ಒಳಗಿದ್ದಾರೆ ಎಂದು ಕೇಳಿದಳು. ನೂರೈವತ್ತು. ಮತ್ತೆ ಕೇಳಿದಳು. ನೂರೈವತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಆಗ ನೆನಪಾಯಿತು.

ಆರು ವರ್ಷದ ಹಿಂದಿನ ಆ ಮಧ್ಯಾಹ್ನ ಏಳು ಮಹಡಿಯವರೂ ಮುಗಿಬಿದ್ದಾಗ ಮೇಷ್ಟ್ರು ಹೇಳಿದ್ದರು, “ಒಂದೇ ಸಲ ನೂರೈವತ್ತು ಜನರಿಗೇ ಜಾಗ ಇರೋದು, ನಾನೂರಕ್ಕೆ ಏರಿಸು.” ಓಡುತ್ತಿದ್ದ ಯಂತ್ರಕ್ಕೇ ಆಜ್ಞೆ ಕೊಟ್ಟು ಏರಿಸಿದ್ದಳು. ಬಾಯಿಮಾತಿನಲ್ಲಿ ಹೇಳಿದ ಹಾಗೆ ಅದು, ಎಚ್ಚರವಿರುವವರೆಗೆ ಮಾತ್ರ ಯಂತ್ರಕ್ಕೆ ನೆನಪಿರುತ್ತದೆ. ಮಲಗಿ ಎದ್ದರೆ ಅದು ನೋಡುವುದು ಫೈಲಿನಲ್ಲಿ ಬರೆದದ್ದನ್ನು. “ಫೈಲಲ್ಲೂ ಬರಿಯಮ್ಮ” ಎಂದಿದ್ದರು ಮೇಷ್ಟ್ರು. “ನಾಳೆ ಬರೀತೀನಿ ಮೇಷ್ಟ್ರೇ” ಎಂದಿದ್ದಳು ಇವಳು. ಅಷ್ಟರಲ್ಲಿ ಮುದುಕನ ಸುದ್ದಿಯ ಫೋನು ಬಂದಿತ್ತು. ನಾಳೆ ಎಂದವನ ಮನೆ ಹಾಳು. ನಕಲು ಯಂತ್ರದಲ್ಲಿ ಇಪ್ಪತ್ತಮೂರು ಸಲ ನಿಲ್ಲಿಸಿ ಎಬ್ಬಿಸಿದರೂ ಇದು ತಿಳಿಯಲಿಲ್ಲ, ಯಾಕೆಂದರೆ ಅಲ್ಲಿ ಇವಳೊಬ್ಬಳನ್ನು ಬಿಟ್ಟು ಜಾಗ ಕೇಳುವವರೇ ಇರಲಿಲ್ಲ.

ಮೊದಲು ಓಡುತ್ತಿರುವ ಯಂತ್ರಕ್ಕೇ ನಾನೂರು ಎಂದು ಹೇಳಿದಳು. ನೂರೈವತ್ತು ಇನ್ನೂರ ಹತ್ತಾಯಿತು, ಇನ್ನೂರ ಅರವತ್ತಾಯಿತು. ಒಂದೊಂದು ಮಹಡಿಯಿಂದಲೂ ಬಂತು, ಬಂತು ಎಂದು ಫೋನು ಬಂತು. ಆಮೇಲೆ ಫೈಲು ತೆರೆದು, ಆರು ವರ್ಷ ತಡವಾಗಿ, ಆ ಒಂದು ಸಾಲು ಬರೆದಳು. ಮಹಡಿ ಮಹಡಿಯ ಸಿಸ್ಟರುಗಳು ಜೇಬಿನಿಂದ ತೆಗೆದ ಚೀಟಿಗಳನ್ನು ಫೋನಿನಲ್ಲಿ ಓದಿದರು, ಇವಳು ಎದುರಿಗಿಟ್ಟುಕೊಂಡು ಯಂತ್ರಕ್ಕೆ ಬಂದಿದೆಯೇ ಎಂದು ತಾಳೆ ನೋಡಿದಳು. ಮೂವತ್ತೊಂದು ಚೀಟಿ. ಯಾರಿಗೂ ಎರಡು ಸಲ ಬಿದ್ದಿರಲಿಲ್ಲ.

ಸಾಹೇಬರು ಯಾವಾಗಲೋ ಬಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ರೆಕಾರ್ಡಮ್ಮ ಎದ್ದು ರಿಜಿಸ್ಟರನ್ನು ಅವರ ಕೈಗಿಟ್ಟಳು.

“ಇದ್ರಲ್ಲಿ ಹಾಕಲಾಗಿದೆ ಅಂತ ಬರ್ದಿರೋದೆಲ್ಲ ನಕಲಿಗೆ ಮಾತ್ರ ಸರ್. ಅಸಲಿಗೆ ಇವತ್ತೇ ಮೊದಲು. ನಿನ್ನೆ ನಿಮಗೆ ಹೂಂ ಅಂದಿದ್ದು ಸುಳ್ಳು.”

ಸಾಹೇಬರು ಹಾಳೆ ಮಗುಚಿದರು. ಪ್ರತಿ ಸಹಿಯ ಕೆಳಗೂ ಅವರದೇ ಸಹಿ ಇತ್ತು, ಒಂದನ್ನೂ ಓದಿ ಹಾಕಿದ್ದಲ್ಲ. ಅವರು ‘ಆಗ್ಲಿ, ನೋಡೋಣ’ ಎನ್ನಲಿಲ್ಲ.

“ನಾಳೆ ಮೇಲಿನವರ ಮುಂದೆ ಇಬ್ಬರೂ ನಿಲ್ಲಬೇಕಾಗುತ್ತೆ” ಎಂದರು. “ಸದ್ಯ ಈಗ ಎಲ್ಲಾ ನಡೀತಿದೆಯಲ್ಲ. ಮನೆಗೆ ಹೋಗಿ.”

“ಇಲ್ಲ ಸರ್. ಮತ್ತೆ ನಿಲ್ಸಬೇಕು.”

“ಏನಂದ್ರಿ?”

“ಫೈಲಲ್ಲಿ ಬರ್ದಿದ್ದೀನಿ. ಸರಿಯಾಗಿ ಬರ್ದಿದ್ದೀನೋ ಇಲ್ವೋ ಗೊತ್ತಿಲ್ಲ. ಈಗ ನಡೀತಿರೋದು ನಾನು ಬಾಯಲ್ಲಿ ಹೇಳಿದ್ದಕ್ಕೆ. ಇದೇ ತಪ್ಪು ಆವತ್ತೂ ಮಾಡಿದ್ದು. ನಿಲ್ಲಿಸಿ ಎಬ್ಬಿಸಿ ನೋಡಿದ್ರೇನೇ ತಿಳಿಯೋದು.”

“ನಡೀತಿರೋದನ್ನ ಯಾಕಮ್ಮ ಮುಟ್ತೀರಿ? ನನಗೆ ಹೆದರಿಕೆ ಆಗುತ್ತೆ.”

“ನನಗೂ ಆಗುತ್ತೆ ಸರ್” ಎಂದಳು ರೆಕಾರ್ಡಮ್ಮ.

ಮತ್ತೆ ಎಲ್ಲ ಮಹಡಿಗೂ ಹೇಳಿದ್ದಾಯಿತು. ಈ ಸಲ ಚೀಟಿ ಜೇಬಿಗೆ ಹೋಗಬಾರದು, ಆಯಾ ರೋಗಿಯ ಮಂಚದ ಕಂಬಿಗೇ ಸಿಕ್ಕಿಸಬೇಕು, ಯಂತ್ರಕ್ಕೆ ಸೇರಿಸಿದ ಮೇಲೆ ಹರಿಯಬೇಕು. ಪ್ರತಿ ಮಹಡಿಯಿಂದಲೂ ಒಬ್ಬೊಬ್ಬರು ಹೂಂ ಎನ್ನುವವರೆಗೆ ಅವಳು ಕೀಲಿ ಮುಟ್ಟಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಒತ್ತಿದಳು.

ಯಂತ್ರ ಮಲಗಿತು. ಎಬ್ಬಿಸಿದಳು. ಎಣಿಸತೊಡಗಿದಳು. ಎಂಬತ್ತೇಳಕ್ಕೆ ಏಳಲಿಲ್ಲ. ನೂರಕ್ಕೂ ಏಳಲಿಲ್ಲ. ಸಾಹೇಬರು ಕಣ್ಣು ಮುಚ್ಚಿಕೊಂಡಿದ್ದರು. ರೆಕಾರ್ಡಮ್ಮನಿಗೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅನ್ನಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ನೂರ ನಾಲ್ಕಕ್ಕೆ ಆ ಸಾಲು ಮೂಡಿತು.

ಜಾಗ ಎಷ್ಟು ಎಂದು ಕೇಳಿದಳು. ನಾನೂರು ಎಂದಿತು. ಐದನೇ ಮಹಡಿಗೆ ಫೋನು ಮಾಡಿದಳು.

“ಸಿಸ್ಟರ್, ಹದಿನೈದನೇ ಮಂಚ ಓದಿ.”

“ಎರಡು ಗಂಟೆ ಇಂಜೆಕ್ಷನ್. ಎರಡೂ ಹತ್ತಕ್ಕೆ ಕೊಟ್ಟಾಗಿದೆ” ಎಂದಳು ಸಿಸ್ಟರ್. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು, ನಾನು ಆಗ್ಲೇ ಹೇಳ್ಲಿಲ್ವಾ ಎಂದು.

ರೆಕಾರ್ಡಮ್ಮ ದಿನಚರಿ ತೆರೆದು ನೋಡಿದಳು. ಗುರುತಿಲ್ಲದವನು ನಾಲ್ಕೂವರೆಗೆ ಇನ್ನೊಂದು ಕಂಪ್ಯೂಟರಿನಿಂದ ಮತ್ತೆ ಬಂದು ಈ ಸಲ ಆ ತೂತಿಗೇ ಕೈ ಹಾಕಿದ್ದ. ತೂತು ಇರಲಿಲ್ಲ. ತಟ್ಟಿ ತಟ್ಟಿ ಹೋಗಿದ್ದ. ಆ ಕಂಪ್ಯೂಟರಿನ ತಂತಿಯನ್ನೂ ಕೀಳಿಸಿದಳು. ಎಷ್ಟು ದಿನದಿಂದ ಎದ್ದಿದ್ದೀಯ ಎಂದು ಕೇಳುವ ಬೆಳಗಿನ ಆಜ್ಞೆಯನ್ನು ಕೊನೆಗೆ ಒತ್ತಿದಳು. ಸೊನ್ನೆ ದಿನ ಎಂದಿತು ಯಂತ್ರ.

ಸಾಹೇಬರ ಕೈಯಿಂದ ರಿಜಿಸ್ಟರ್ ತೆಗೆದುಕೊಂಡು ಇಪ್ಪತ್ತಮೂರು ಸಾಲುಗಳ ಎದುರಿಗೂ ‘ನಕಲಿಗೆ ಮಾತ್ರ’ ಎಂದು ಬರೆದು ಸಹಿ ಮಾಡಿದಳು. ಇಪ್ಪತ್ತನಾಲ್ಕನೇ ಸಾಲಿನಲ್ಲಿ ಹೀಗೆ ಬರೆದಳು: ‘ಅಸಲಿಗೆ ಹಾಕಲಾಗಿದೆ. ಎರಡು ಸಲ ನಿಲ್ಲಿಸಿ ಎಬ್ಬಿಸಿ ನೋಡಲಾಗಿದೆ.’